ಬಡ್ತಿಗೆ ಬರೆದ ಪರೀಕ್ಷೆ: ಅಮೆರಿಕ ಸೇನೆಯ ಪಶುವೈದ್ಯ ದಳ ನಡೆದುಬಂದ ದಾರಿ

1916ರ ಜೂನ್ 3ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ರಾಷ್ಟ್ರೀಯ ರಕ್ಷಣಾ ಕಾಯ್ದೆಗೆ ಸಹಿ ಹಾಕಿದರು. ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿ ಎರಡು ವರ್ಷ ತುಂಬುತ್ತ ಬಂದಿತ್ತು. ಅಮೆರಿಕ ಇನ್ನೂ ಯುದ್ಧದ ಹೊರಗೇ ಇತ್ತು, ಆದರೆ ಸೇನೆಯನ್ನು ಸಿದ್ಧಮಾಡಬೇಕೆಂಬ ಒತ್ತಾಯ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಸೇನೆಯ ಗಾತ್ರ, ನ್ಯಾಷನಲ್ ಗಾರ್ಡ್ ವ್ಯವಸ್ಥೆ, ಮೀಸಲು ಅಧಿಕಾರಿಗಳ ತರಬೇತಿ ಇವೆಲ್ಲ ಆ ಕಾಯ್ದೆಯಲ್ಲಿವೆ. ಇತಿಹಾಸದ ಪುಸ್ತಕಗಳು ಹೇಳುವುದೂ ಇವುಗಳ ಕಥೆಯನ್ನೇ. ಅದರ 16ನೇ ಪ್ರಕರಣವನ್ನು ಮನಸ್ಸಿಟ್ಟು ಓದುವವರು ಬಹುಶಃ ಪಶುವೈದ್ಯರು ಮಾತ್ರ. ಅಮೆರಿಕ ಸೇನೆಯ ಪಶುವೈದ್ಯ ದಳ, ಅಂದರೆ ವೆಟರ್ನರಿ ಕೋರ್, ಹುಟ್ಟಿದ್ದು ಆ ಪ್ರಕರಣದಿಂದ. ಇಂದಿಗೂ ದಳ ಜೂನ್ 3ನ್ನೇ ತನ್ನ ಸ್ಥಾಪನೆಯ ದಿನವೆಂದು ಎಣಿಸುತ್ತದೆ.

ಒಂದು ದಳದ ನೂರು ವರ್ಷದ ಇತಿಹಾಸವನ್ನು ಹಲವು ಕಡೆಯಿಂದ ಬರೆಯಬಹುದು. ಯುದ್ಧಗಳ ಕಡೆಯಿಂದ ಬರೆಯಬಹುದು, ರೋಗಗಳ ಕಡೆಯಿಂದಲೂ ಬರೆಯಬಹುದು. ನಾನಿಲ್ಲಿ ಹಿಡಿದಿರುವುದು ಬಡ್ತಿಯ ಎಳೆಯನ್ನು. ದನ, ಕುದುರೆಗಳಿಗೆ ಮದ್ದು ಕೊಡುವವನು ಸೇನೆಯ ಅಧಿಕಾರಿಯಾಗಲು ಏನು ಬೇಕಾಯಿತು, ಅಧಿಕಾರಿಯಾದ ಮೇಲೆ ಒಂದು ಹುದ್ದೆಯಿಂದ ಮೇಲಿನ ಹುದ್ದೆಗೆ ಹೋಗಲು ತನ್ನ ಯೋಗ್ಯತೆಯನ್ನು ಹೇಗೆ ತೋರಿಸಬೇಕಾಯಿತು ಎಂಬುದನ್ನು ನೋಡಿದರೆ ಆ ಸೇನೆ ಪಶುವೈದ್ಯಕ್ಕೆ ಕೊಟ್ಟ ಬೆಲೆ ತಾನಾಗಿ ತಿಳಿಯುತ್ತದೆ.

ಆರಂಭದಲ್ಲಿ ಆ ಬೆಲೆ ತೀರ ಕಡಿಮೆಯಿತ್ತು. 1792ರ ಕಾನೂನು ಅಶ್ವದಳದ ಪ್ರತಿ ತುಕಡಿಗೂ ಲಾಳ ಕಟ್ಟುವವನೊಬ್ಬನನ್ನು ಕೊಟ್ಟಿತು, ಅಷ್ಟೆ. ಕುದುರೆ ಕುಂಟಿದರೂ ಕೆಮ್ಮಿದರೂ ಹೊಟ್ಟೆನೋವಿನಿಂದ ಹೊರಳಾಡಿದರೂ ನೋಡಬೇಕಾದವನು ಅವನೇ. ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ ಬ್ರಿಟಿಷ್ ಸೇನೆ ಇನ್ನೊಂದು ದಾರಿ ಹಿಡಿದಿತ್ತು. ಲಂಡನ್ನಿನಲ್ಲಿ 1791ರಲ್ಲೇ ಪಶುವೈದ್ಯ ಕಾಲೇಜು ಶುರುವಾಗಿತ್ತು. 1796ರ ಜೂನ್‌ನಲ್ಲಿ ಜಾನ್ ಶಿಪ್ ಎಂಬಾತ 11ನೇ ಲೈಟ್ ಡ್ರಗೂನ್ಸ್ ದಳಕ್ಕೆ ಪಶುವೈದ್ಯನಾಗಿ ಸೇರಿ, ಬ್ರಿಟಿಷ್ ಸೇನೆಯ ಮೊದಲ ಪಶುವೈದ್ಯ ಅಧಿಕಾರಿ ಎನಿಸಿಕೊಂಡ. ಅಮೆರಿಕದಲ್ಲಿ ಅಂಥ ಕಾಲೇಜು ಇರಲಿಲ್ಲ, ಕಲಿತವರೂ ಇರಲಿಲ್ಲ. ಆದ್ದರಿಂದ ಮೊದಲ ಕೆಲವು ದಶಕಗಳ ಕೊರತೆಗೆ ಸೇನೆಯೊಂದನ್ನೇ ದೂರುವುದು ನ್ಯಾಯವಲ್ಲ. ಕಾಲೇಜುಗಳು ಬಂದ ಮೇಲೂ ಅದೇ ಸ್ಥಿತಿ ಮುಂದುವರಿದದ್ದು ಮಾತ್ರ ಸೇನೆಯದೇ ತಪ್ಪು.

ಅಂತರ್ಯುದ್ಧ ಆ ತಪ್ಪಿನ ಬೆಲೆಯನ್ನು ತೋರಿಸಿತು. 1863ರ ಮಾರ್ಚ್‌ನಲ್ಲಿ ಬಂದ ಕಾನೂನು ಪ್ರತಿ ಅಶ್ವಪಡೆಗೂ ಒಬ್ಬ ಪಶುಶಸ್ತ್ರವೈದ್ಯನನ್ನು ಮಂಜೂರು ಮಾಡಿತು. ತಿಂಗಳಿಗೆ 75 ಡಾಲರ್ ಸಂಬಳ, ಸಾರ್ಜೆಂಟ್ ಮೇಜರನ ದರ್ಜೆ. ಅದೇ ವರ್ಷ ವಾಷಿಂಗ್ಟನ್ನಿನ ಅಂಚಿನ ಗೀಸ್‌ಬರೋದಲ್ಲಿ ಸೇನೆ ಕುದುರೆಗಳ ಬೃಹತ್ ಠಾಣ್ಯವನ್ನು ತೆರೆಯಿತು. ದೇಶದ ಎಲ್ಲ ಕಡೆಯಿಂದ ಕೊಂಡು ತಂದ ಕುದುರೆಗಳು ಒಂದೇ ಕಡೆ ಸೇರಿದವು, ಒಂದೇ ತೊಟ್ಟಿಯಲ್ಲಿ ನೀರು ಕುಡಿದವು. ಗ್ಲ್ಯಾಂಡರ್ಸ್ ರೋಗಕ್ಕೆ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ. ಮೂಗಿನಿಂದ ಕೀವು ಸೋರುವ ಕುದುರೆಯನ್ನು ಆ ಕ್ಷಣವೇ ಬೇರೆ ಕಟ್ಟಬೇಕು, ರೋಗ ಖಚಿತವಾದರೆ ಕೊಲ್ಲಬೇಕು. ಇದು ಆಗಲೂ ಬಲ್ಲವರಿಗೆ ಗೊತ್ತಿತ್ತು. ಆದರೆ ಆದೇಶ ಕೊಡುವವರು ಯಾರು? ಸಾರ್ಜೆಂಟ್ ದರ್ಜೆಯವನು ಕ್ಯಾಪ್ಟನ್‌ಗೆ ಸಲಹೆ ಕೊಡಬಹುದು, ಬೇಡಿಕೊಳ್ಳಬಹುದು. ನಾಳೆ ದಾಳಿಗೆ ಹೊರಡಬೇಕಾದ ಕ್ಯಾಪ್ಟನ್ ತನ್ನ ಇಪ್ಪತ್ತು ಕುದುರೆಗಳನ್ನು ಬಿಟ್ಟುಕೊಡಲಾರೆ ಎಂದರೆ ಅಲ್ಲಿಗೆ ಮಾತು ಮುಗಿಯಿತು. ರೋಗಕ್ಕೆ ಸಿಕ್ಕ ಕುದುರೆ ಮರುದಿನ ಇನ್ನೊಂದು ಊರಿನ ಲಾಯದಲ್ಲಿ ನಿಲ್ಲುತ್ತಿತ್ತು.

ಸೇನೆಯಲ್ಲಿ ಪಶುವೈದ್ಯರು ದರ್ಜೆ ಕೇಳಿದ್ದು ಮೆರೆಯುವುದಕ್ಕೆಂದು ತಿಳಿದವರು ಬಹಳ ಜನರಿದ್ದರು. ಆ ಆರೋಪವನ್ನು ನಾನು ಒಪ್ಪುವುದಿಲ್ಲ. ಸೇನೆ ನಡೆಯುವುದು ಆದೇಶದ ಮೇಲೆ. ಆದೇಶದ ಬಲವಿಲ್ಲದ ವಿದ್ಯೆ ಅಲ್ಲಿ ಪ್ರಾಣಿಯ ಪಾಲಿಗೆ ಇದ್ದೂ ಇಲ್ಲದಂತೆ. ಹೆಗಲ ಮೇಲಿನ ಪಟ್ಟಿ ವೈದ್ಯನಿಗೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಲಾಯದಲ್ಲಿ ಕಟ್ಟಿದ್ದ ಕುದುರೆಗೆ ಬೇಕಾಗಿತ್ತು.

ಅದೇ 1863ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಪಶುವೈದ್ಯರ ರಾಷ್ಟ್ರೀಯ ಸಂಘ ಹುಟ್ಟಿತು. ಮುಂದೆ ಅಮೆರಿಕನ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್ ಎಂದು ಹೆಸರಾದ ಸಂಘ ಇದೇ. 1872ರಲ್ಲಿ ಕುದುರೆಗಳ ಇನ್‌ಫ್ಲುಯೆಂಜಾ ಟೊರಾಂಟೊ ಕಡೆಯಿಂದ ಇಳಿದು ಇಡೀ ಖಂಡವನ್ನು ಹಬ್ಬಿತು. ನಗರಗಳಲ್ಲಿ ಗಾಡಿಗಳು ನಿಂತುಹೋದವು, ಸರಕು ಸಾಗದಾಯಿತು. 1879ರಲ್ಲಿ ಸೇನೆ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಮಾನ್ಯತೆ ಪಡೆದ ಪಶುವೈದ್ಯ ಕಾಲೇಜಿನಲ್ಲಿ ಓದಿ ಪದವಿ ಪಡೆದವರನ್ನಷ್ಟೇ ಇನ್ನು ಮುಂದೆ ಸೇರಿಸಿಕೊಳ್ಳಬೇಕು ಎಂದಿತು. ಯೋಗ್ಯತೆಯ ಮೊದಲ ಅಳತೆಗೋಲು ಅದು. ಓದಿದವರನ್ನು ಕೇಳಿತು, ಓದಿದವರಿಗೆ ಸಲ್ಲಬೇಕಾದ ಸ್ಥಾನ ಕೊಡಲಿಲ್ಲ. 1899 ಮತ್ತು 1901ರ ಕಾನೂನುಗಳು ಸಂಬಳ, ಭತ್ಯೆಗಳನ್ನು ಸೆಕೆಂಡ್ ಲೆಫ್ಟಿನೆಂಟನ ಮಟ್ಟಕ್ಕೆ ಏರಿಸಿದವು. ದರ್ಜೆಯನ್ನು ಮಾತ್ರ ತಡೆಹಿಡಿದವು. ಅಧಿಕಾರಿಯ ಸಂಬಳ ಎಣಿಸಿಕೊಳ್ಳುವ ಮನುಷ್ಯ ಅಧಿಕಾರಿಯಲ್ಲ! ಬಡ್ತಿ ಎಂಬ ಮಾತೇ ಅವನಿಗಿಲ್ಲ. ಸೇರಿದ ದಿನ ಎಲ್ಲಿದ್ದನೋ ಇಪ್ಪತ್ತು ವರ್ಷದ ಮೇಲೂ ಅಲ್ಲೇ.

ಈ ಸ್ಥಿತಿಯ ವಿರುದ್ಧ ಬರೆದವರಲ್ಲಿ, ಮಾತಾಡಿದವರಲ್ಲಿ ಮುಂಚೂಣಿಯಲ್ಲಿ ನಿಂತವರು ಅಶ್ವಪಡೆಯ ಪಶುವೈದ್ಯ ಓಲಾಫ್ ಶ್ವಾರ್ಟ್ಸ್‌ಕಾಫ್. ಜರ್ಮನ್ ಮೂಲದ ಅವರು ವೃತ್ತಿಪತ್ರಿಕೆಗಳಲ್ಲಿ ವರ್ಷಗಟ್ಟಲೆ ಈ ಪ್ರಶ್ನೆಯನ್ನು ಎತ್ತಿ ಹಿಡಿದರು. ಸಂಘವೂ ಕಾಂಗ್ರೆಸ್ಸಿನ ಬಾಗಿಲು ತಟ್ಟುತ್ತಲೇ ಇತ್ತು. ಮಸೂದೆಗಳು ಬಂದವು, ಬಿದ್ದವು. ಈ ನಡುವೆ ಎರಡು ಸಂಗತಿಗಳು ಅವರ ವಾದಕ್ಕೆ ಬಲ ಕೊಟ್ಟವು. 1898ರ ಸ್ಪೇನ್ ಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಗೋಮಾಂಸ ಕೆಟ್ಟದ್ದೆಂಬ ದೊಡ್ಡ ಹಗರಣವೆದ್ದು ವಿಚಾರಣೆಯಾಯಿತು. ಸೈನಿಕನ ತಟ್ಟೆಗೆ ಬರುವ ಮಾಂಸವನ್ನು ಪರೀಕ್ಷಿಸಲು ಬಲ್ಲವರು ಬೇಕು ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಆ ಯುದ್ಧದಿಂದ ಕೈಗೆ ಬಂದ ಫಿಲಿಪ್ಪೀನ್ಸ್‌ನಲ್ಲಿ ಸರ್ರಾ ರೋಗ ಸೇನೆಯ ಕುದುರೆ, ಹೇಸರಗತ್ತೆಗಳನ್ನು ಕೊಲ್ಲತೊಡಗಿತು. ಸರ್ರಾಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1880ರಲ್ಲಿ ಅಂದಿನ ಭಾರತದ ನೆಲದಲ್ಲೇ, ಪಂಜಾಬಿನ ಗಡಿಯ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕಂಡುಹಿಡಿದವರು ಬ್ರಿಟಿಷ್ ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್. ನಮ್ಮ ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ಟ್ರಿಪನೋಸೋಮಾ ಇವಾನ್ಸೈ ಅವರ ಹೆಸರನ್ನೇ ಹೊತ್ತಿದೆ. ಅಂಥ ಶೋಧವನ್ನೂ ಅಂದಿನ ಮೇಲಧಿಕಾರಿಗಳು ಕೂಡಲೇ ಒಪ್ಪಲಿಲ್ಲ. ಸೇನೆಯಲ್ಲಿ ಪಶುವೈದ್ಯನ ಮಾತಿಗೆ ತೂಕ ಬರಲು ಎಲ್ಲ ದೇಶಗಳಲ್ಲೂ ಕಾಲ ಹಿಡಿದಿದೆ.

ಇಷ್ಟೆಲ್ಲ ಆದ ಮೇಲೆ ಬಂದದ್ದು 16ನೇ ಪ್ರಕರಣ. ಅದರ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಪ್ರತಿ ಅಶ್ವಪಡೆಗೆ ಇಬ್ಬರು, ಫಿರಂಗಿದಳದ ಪ್ರತಿ ಮೂರು ಬ್ಯಾಟರಿಗೆ ಒಬ್ಬರು, ಕುದುರೆ ಏರಿದ ಎಂಜಿನಿಯರ್ ಬೆಟಾಲಿಯನ್‌ಗೆ ಒಬ್ಬರು, ಕುದುರೆ ಮತ್ತು ಹೇಸರಗತ್ತೆಗಳ ಖರೀದಿ ಪರೀಕ್ಷೆಗೆ 17 ಮಂದಿ, ಮಾಂಸದ ಪರೀಕ್ಷೆಗೆ 7 ಮಂದಿ: ಇದು ಕಾಯ್ದೆ ಕೊಟ್ಟ ಲೆಕ್ಕ. ಇವರೆಲ್ಲ ಸೇರಿ ಪಶುವೈದ್ಯ ದಳ. ದಳವು ಸೇನೆಯ ವೈದ್ಯಕೀಯ ಇಲಾಖೆಯ ಭಾಗ. ಸೇರುವವರು ಅಮೆರಿಕದ ಪ್ರಜೆಯಾಗಿರಬೇಕು, ವಯಸ್ಸು 21ರಿಂದ 27ರೊಳಗಿರಬೇಕು, ಮಾನ್ಯತೆಯುಳ್ಳ ಕಾಲೇಜಿನ ಪದವಿ ಇರಬೇಕು. ಅದರ ಮೇಲೆ ನಡತೆ, ದೇಹದಾರ್ಢ್ಯ, ಸಾಮಾನ್ಯ ಶಿಕ್ಷಣ, ವೃತ್ತಿಜ್ಞಾನ ಈ ನಾಲ್ಕರಲ್ಲೂ ಪರೀಕ್ಷೆ ಪಾಸಾಗಬೇಕು. ಪಾಸಾದವರನ್ನು ಅಂಕಗಳ ಕ್ರಮದಲ್ಲೇ ಖಾಲಿ ಹುದ್ದೆಗಳಿಗೆ ತೆಗೆದುಕೊಳ್ಳಬೇಕು. ಮೊದಲ ಎರಡು ವರ್ಷ ಪ್ರೊಬೇಷನ್. ಕೆಲಸ ತೃಪ್ತಿಕರವಲ್ಲದಿದ್ದರೆ ಆ ಅವಧಿಯಲ್ಲಿ ಯಾವಾಗ ಬೇಕಾದರೂ ಮನೆಗೆ ಕಳಿಸಬಹುದು.

ಇನ್ನು ಮೆಟ್ಟಿಲುಗಳು. ಮೊದಲ 5 ವರ್ಷ ಸಹಾಯಕ ಪಶುವೈದ್ಯ, ದರ್ಜೆ ಸೆಕೆಂಡ್ ಲೆಫ್ಟಿನೆಂಟ್. 5 ವರ್ಷ ತುಂಬಿದ ಮೇಲೆ ಫಸ್ಟ್ ಲೆಫ್ಟಿನೆಂಟ್. 15 ವರ್ಷಕ್ಕೆ ಹೆಸರಿನ ಹಿಂದಿನ ‘ಸಹಾಯಕ’ ಹೋಗಿ ಪೂರ್ಣ ಪಶುವೈದ್ಯ, ದರ್ಜೆ ಕ್ಯಾಪ್ಟನ್. 20 ವರ್ಷಕ್ಕೆ ಮೇಜರ್. ಅಂದಿನ ಸಂಬಳಪಟ್ಟಿಯಲ್ಲಿ ಸೆಕೆಂಡ್ ಲೆಫ್ಟಿನೆಂಟನಿಗೆ ವರ್ಷಕ್ಕೆ 1,700 ಡಾಲರ್, ಫಸ್ಟ್ ಲೆಫ್ಟಿನೆಂಟನಿಗೆ 2,000, ಕ್ಯಾಪ್ಟನ್‌ಗೆ 2,400, ಮೇಜರ್‌ಗೆ 3,000.

ವರ್ಷ ತುಂಬಿದ ಮಾತ್ರಕ್ಕೆ ಮೇಲೇರಲಾಗದು ಎಂದು ಕಾಯ್ದೆ ಕಟ್ಟುನಿಟ್ಟಾಗಿ ಹೇಳಿತು. ಸಹಾಯಕ ಪಶುವೈದ್ಯ ಬಡ್ತಿಗೆ ಮೊದಲು ಅಧ್ಯಕ್ಷರು ನಿಗದಿಮಾಡಿದ ನಿಯಮಗಳಂತೆ ಎರಡು ವಿಷಯದಲ್ಲಿ ಪರೀಕ್ಷೆಗೆ ಕೂರಬೇಕು: ವೃತ್ತಿಯ ಅರ್ಹತೆ, ಸೈನಿಕ ಬದುಕಿಗೆ ಒಗ್ಗುವ ಗುಣ. ಪರೀಕ್ಷಾ ಮಂಡಳಿಗಳನ್ನು ಯುದ್ಧ ಕಾರ್ಯದರ್ಶಿ ನೇಮಿಸಬೇಕು. ಪರೀಕ್ಷೆಯಲ್ಲಿ ಸೋತರೆ? ಅದೇ ದರ್ಜೆಯಲ್ಲಿ ಉಳಿಯುವ ಅವಕಾಶವಿಲ್ಲ. ಒಂದು ವರ್ಷದ ಸಂಬಳ ಕೈಗಿತ್ತು ಸೇನೆಯಿಂದ ಬಿಡುಗಡೆ.

ಈ ನಿಯಮ ಕ್ರೂರವಾಗಿ ಕಾಣುತ್ತದೆ. ಹದಿನೈದು ವರ್ಷ ದುಡಿದವನು, ಹೆಂಡತಿ ಮಕ್ಕಳ ಜೊತೆ ಯಾವುದೋ ಗಡಿ ಠಾಣ್ಯದಲ್ಲಿ ಬದುಕು ಕಟ್ಟಿಕೊಂಡವನು, ಮತ್ತೆ ಪುಸ್ತಕ ತೆಗೆದು ಅಂಗರಚನೆಯಿಂದ ಹಿಡಿದು ಓದಬೇಕು. ಆದರೂ ಇದನ್ನು ವೃತ್ತಿ ಒಪ್ಪಿಕೊಂಡದ್ದೇ ಅದರ ಘನತೆ ಎಂದು ನಾನು ತಿಳಿದಿದ್ದೇನೆ. ಪಶುವಿಗೆ ಬಾಯಿಲ್ಲ, ವೈದ್ಯನ ಅಜ್ಞಾನವನ್ನು ಅದು ದೂರಲಾರದು. 1901ರಲ್ಲಿ ಓದಿದವನು 1916ರ ಹೊತ್ತಿಗೆ ಗ್ಲ್ಯಾಂಡರ್ಸ್ ಪತ್ತೆಹಚ್ಚುವ ಮ್ಯಾಲೀನ್ ಪರೀಕ್ಷೆ, ಲಸಿಕೆ, ಮಾಂಸದ ತಪಾಸಣೆ ಇವುಗಳಲ್ಲಿ ಆದ ಬದಲಾವಣೆಯನ್ನು ತಿಳಿದುಕೊಂಡಿದ್ದಾನೆಯೇ ಎಂದು ಕೇಳುವವರು ಯಾರಾದರೂ ಬೇಕು. ಮನುಷ್ಯರ ವೈದ್ಯನನ್ನು ರೋಗಿಯ ಮನೆಯವರು ಕೇಳುತ್ತಾರೆ. ಸೇನೆಯ ಪಶುವೈದ್ಯನನ್ನು ಕೇಳಲು ಮಂಡಳಿಯೇ ಕೂರಬೇಕಿತ್ತು. ನಮ್ಮಲ್ಲಿ ಬಡ್ತಿ ಎಂದರೆ ಜ್ಯೇಷ್ಠತಾ ಪಟ್ಟಿ ಎಂದೇ ತಿಳಿದವರಿಗೆ ಇದು ಯೋಚಿಸಬೇಕಾದ ಸಂಗತಿ.

ಹಳಬರನ್ನು ಕಾಯ್ದೆ ಕೈಬಿಡಲಿಲ್ಲ. ಆಗಲೇ ಸೇವೆಯಲ್ಲಿದ್ದವರ ಪೈಕಿ 5 ವರ್ಷದೊಳಗಿನವರನ್ನು ಸೆಕೆಂಡ್ ಲೆಫ್ಟಿನೆಂಟ್, 5 ವರ್ಷ ಮೀರಿದವರನ್ನು ಫಸ್ಟ್ ಲೆಫ್ಟಿನೆಂಟ್, 15 ವರ್ಷ ಮೀರಿದವರನ್ನು ಕ್ಯಾಪ್ಟನ್ ದರ್ಜೆಯಲ್ಲಿ ಸೇರಿಸಿಕೊಳ್ಳಲು ಅವಕಾಶವಿತ್ತು. ಅವರಿಗೂ ವೃತ್ತಿಯ ಮತ್ತು ದೇಹದ ಪರೀಕ್ಷೆ ತಪ್ಪಲಿಲ್ಲ. ಕರ್ತವ್ಯದಲ್ಲಿದ್ದಾಗ ಆದ ಗಾಯ, ಕಾಯಿಲೆಗಳಿಂದಾಗಿ ದೇಹಪರೀಕ್ಷೆಯಲ್ಲಿ ಸೋತವರಿಗೆ, ಅವರಿಗೆ ಸಿಗಬೇಕಾಗಿದ್ದ ಹೊಸ ದರ್ಜೆಯ ಸಂಬಳದ ಶೇ. 75ರಷ್ಟನ್ನು ಕೊಟ್ಟು ನಿವೃತ್ತರ ಪಟ್ಟಿಗೆ ಸೇರಿಸಿದರು. ಕುದುರೆಯ ಒದೆತಕ್ಕೆ ಮೂಳೆ ಮುರಿದುಕೊಂಡವರು ಈ ವೃತ್ತಿಯಲ್ಲಿ ಎಷ್ಟು ಜನರೆಂದು ಬಲ್ಲವರಿಗೆ ಆ ವಾಕ್ಯದ ಬೆಲೆ ಗೊತ್ತು.

ಹೊಸ ದಳಕ್ಕೆ ನೆಲೆಯೂರಲು ಒಂದು ವರ್ಷವೂ ಸಿಗಲಿಲ್ಲ. 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕಿಳಿಯಿತು. ನೂರು ಮಂದಿಯೂ ಇಲ್ಲದ ದಳ ಒಂದೂವರೆ ವರ್ಷದಲ್ಲಿ 2,000 ಅಧಿಕಾರಿಗಳನ್ನು ದಾಟಿತು. ಜಾರ್ಜಿಯಾದ ಕ್ಯಾಂಪ್ ಗ್ರೀನ್‌ಲೀಫ್, ವರ್ಜೀನಿಯಾದ ಕ್ಯಾಂಪ್ ಲೀ ಇಲ್ಲೆಲ್ಲ ತರಬೇತಿ ಶಾಲೆಗಳು ತೆರೆದವು. ಹಳ್ಳಿಯಲ್ಲಿ ದನಕ್ಕೆ ಮದ್ದು ಕೊಡುತ್ತಿದ್ದವರು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು ಸಮವಸ್ತ್ರ ತೊಟ್ಟರು. ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನ ಡೀನ್ ಡೇವಿಡ್ ವೈಟ್ ಫ್ರಾನ್ಸಿನಲ್ಲಿದ್ದ ಅಮೆರಿಕ ಪಡೆಯ ಮುಖ್ಯ ಪಶುವೈದ್ಯರಾದರು. ಅಲ್ಲಿ ಹಳೆಯ ತಪ್ಪೇ ಮರುಕಳಿಸಿತು. ಪಶುವೈದ್ಯ ಸೇವೆಯನ್ನು ವೈದ್ಯಕೀಯ ಇಲಾಖೆಯ ಕೆಳಗಿಡುವ ಬದಲು ಕುದುರೆ ಪೂರೈಕೆಯ ರಿಮೌಂಟ್ ವಿಭಾಗದ ಕೈಗೆ ಕೊಟ್ಟಿದ್ದರು. ಕಜ್ಜಿ ಹರಡಿತು, ಕುದುರೆಗಳು ಸೊರಗಿದವು, ವೈದ್ಯರ ಮಾತು ಮತ್ತೆ ಸಲಹೆಯ ಮಟ್ಟಕ್ಕಿಳಿಯಿತು. 1918ರ ಬೇಸಿಗೆ ಕಳೆಯುವ ಹೊತ್ತಿಗೆ ಸೇವೆಯನ್ನು ಮುಖ್ಯ ಶಸ್ತ್ರವೈದ್ಯರ ಅಧೀನಕ್ಕೆ ತಂದ ಮೇಲೆ ಸ್ಥಿತಿ ಸುಧಾರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರಿಟನ್ನಿನ ಪಶುವೈದ್ಯ ದಳಕ್ಕೆ ಅದರ ಯುದ್ಧಸೇವೆ ಮೆಚ್ಚಿ ‘ರಾಯಲ್’ ಬಿರುದು ಸಿಕ್ಕಿತು.

1920ರ ಜೂನ್ 4ರ ತಿದ್ದುಪಡಿ ಕಾಯ್ದೆ ಮೆಟ್ಟಿಲುಗಳನ್ನು ಹತ್ತಿರ ತಂದಿತು, ಮೇಲಕ್ಕೂ ಬೆಳೆಸಿತು. 3 ವರ್ಷಕ್ಕೆ ಫಸ್ಟ್ ಲೆಫ್ಟಿನೆಂಟ್, 7ಕ್ಕೆ ಕ್ಯಾಪ್ಟನ್, 14ಕ್ಕೆ ಮೇಜರ್, 20ಕ್ಕೆ ಲೆಫ್ಟಿನೆಂಟ್ ಕರ್ನಲ್, 26ಕ್ಕೆ ಕರ್ನಲ್. ಮೇಜರ್ ದರ್ಜೆಗೇ ನಿಂತುಹೋಗುತ್ತಿದ್ದ ದಾರಿ ಕರ್ನಲ್‌ವರೆಗೆ ತೆರೆಯಿತು. ಓದಲು ಜಾಗಗಳೂ ಬಂದವು: ವಾಷಿಂಗ್ಟನ್ನಿನಲ್ಲಿ ಸೇನಾ ಪಶುವೈದ್ಯ ಶಾಲೆ, ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ವೈದ್ಯಕೀಯ ಇಲಾಖೆಯ ಯುದ್ಧಕ್ಷೇತ್ರ ತರಬೇತಿ ಶಾಲೆ.

ಈ ದಾರಿಯಲ್ಲಿ ನಡೆದವರಲ್ಲಿ ರೇಮಂಡ್ ಕೆಲ್ಸರ್ ಅವರನ್ನು ನೆನೆಯದೆ ದಳದ ಇತಿಹಾಸ ಪೂರ್ಣವಾಗದು. 1892ರಲ್ಲಿ ಹುಟ್ಟಿದ ಕೆಲ್ಸರ್ 1914ರಲ್ಲಿ ಪಶುವೈದ್ಯ ಪದವಿ ಪಡೆದು, 1918ರಲ್ಲಿ ದಳಕ್ಕೆ ಸೇರಿದರು. ಸೇವೆಯಲ್ಲಿದ್ದುಕೊಂಡೇ ಡಾಕ್ಟರೇಟ್ ಮಾಡಿದರು. ಫಿಲಿಪ್ಪೀನ್ಸ್‌ನ ಸೇನಾ ವೈದ್ಯಕೀಯ ಸಂಶೋಧನಾ ಮಂಡಳಿಗೆ ಹೋದಾಗ ಅವರ ಮುಂದಿದ್ದ ಶತ್ರು ರಿಂಡರ್‌ಪೆಸ್ಟ್, ನಮ್ಮ ಹಳ್ಳಿಗರು ದೊಡ್ಡರೋಗ ಎಂದು ಕರೆದು ನಡುಗುತ್ತಿದ್ದ ಅದೇ ರೋಗ. ರೋಗ ತಗುಲಿದ ದನದ ಅಂಗಾಂಶವನ್ನು ಕ್ಲೋರೋಫಾರ್ಮ್‌ನಿಂದ ಸಂಸ್ಕರಿಸಿ ಅವರು ಲಸಿಕೆ ತಯಾರಿಸಿದರು. ಫಿಲಿಪ್ಪೀನ್ಸ್‌ನ ದನ, ಎಮ್ಮೆಗಳನ್ನು ಉಳಿಸುವ ಹೋರಾಟಕ್ಕೆ ಅದು ದೊಡ್ಡ ನೆರವಾಯಿತು. 1933ರಲ್ಲಿ ಇನ್ನೊಂದು ಶೋಧ: ಕುದುರೆಗಳ ಮೆದುಳುಜ್ವರವನ್ನು ಈಡಿಸ್ ಈಜಿಪ್ಟೈ ಸೊಳ್ಳೆ ಹರಡಬಲ್ಲದೆಂದು ಪ್ರಯೋಗದಿಂದ ತೋರಿಸಿದರು. ಸೊಳ್ಳೆಯಿಂದ ಮನುಷ್ಯರಿಗೆ ಬರುವ ಮೆದುಳುಜ್ವರಗಳ ಅಧ್ಯಯನಕ್ಕೂ ಅದು ದಾರಿ ತೋರಿತು. 1938ರಲ್ಲಿ ದಳದ ಮುಖ್ಯಸ್ಥರಾದ ಕೆಲ್ಸರ್ 1942ರಲ್ಲಿ ಬ್ರಿಗೇಡಿಯರ್ ಜನರಲ್ ಆದರು. ಅಮೆರಿಕ ಸೇನೆಯಲ್ಲಿ ಆ ದರ್ಜೆಗೇರಿದ ಮೊದಲ ಪಶುವೈದ್ಯ ಅವರೇ. ಲ್ಯಾಬಿನ ಮೇಜಿನ ಮುಂದೆ ಕೂತು ಮಾಡಿದ ಕೆಲಸಕ್ಕೆ ಸೇನೆ ಜನರಲ್ ದರ್ಜೆ ಕೊಟ್ಟದ್ದು ಆ ವೃತ್ತಿಯ ಪಾಲಿಗೆ ದೊಡ್ಡ ಗೆಲುವು.

ಎರಡನೇ ಮಹಾಯುದ್ಧ ಬರುವಷ್ಟರಲ್ಲಿ ಕುದುರೆಯ ಕಾಲ ಮುಗಿಯುತ್ತಿತ್ತು. 1942ರ ಜನವರಿಯಲ್ಲಿ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿ 26ನೇ ಅಶ್ವಪಡೆ ನಡೆಸಿದ್ದು ಅಮೆರಿಕ ಅಶ್ವಪಡೆಯ ಕೊನೆಯ ಸವಾರಿ ದಾಳಿಗಳಲ್ಲೊಂದು. ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಆ ಪಡೆಯ ಕುದುರೆಗಳನ್ನು ಕೊನೆಗೆ ಹಸಿದ ಸೈನಿಕರ ಆಹಾರಕ್ಕೆ ಕಡಿಯಬೇಕಾಯಿತು. ಹೇಸರಗತ್ತೆಗೆ ಮಾತ್ರ ಇನ್ನೂ ಕೆಲಸವಿತ್ತು. ಮಧ್ಯಭಾರತದ ದೇವಗಢದಲ್ಲಿ ತರಬೇತಿ ಪಡೆದು 1944ರಲ್ಲಿ ಬರ್ಮಾ ಕಾಡಿಗೆ ನುಗ್ಗಿದ ಮೆರಿಲ್ ಎಂಬ ಅಮೆರಿಕನ್ ಅಧಿಕಾರಿಯ ನಾಯಕತ್ವದ ಪಡೆ ತನ್ನ ಮದ್ದುಗುಂಡು, ರೇಡಿಯೊಗಳನ್ನು ಹೊರಿಸಿದ್ದು ಹೇಸರಗತ್ತೆಗಳ ಬೆನ್ನ ಮೇಲೆ. ಆದರೆ ದಳದ ಬಹುಪಾಲು ಅಧಿಕಾರಿಗಳ ಕೆಲಸ ಆಹಾರ ತಪಾಸಣೆಗೆ ಹೊರಳಿತ್ತು. ಲಕ್ಷಾಂತರ ಸೈನಿಕರ ಮಾಂಸ, ಹಾಲು, ಮೊಟ್ಟೆ ಅವರ ಕಣ್ಣು ದಾಟಿ ಹೋಗಬೇಕಿತ್ತು. 1980ರಲ್ಲಿ ವಾಯುಪಡೆಯ ಪ್ರತ್ಯೇಕ ಪಶುವೈದ್ಯ ಸೇವೆಯನ್ನು ಮುಚ್ಚಿದ ಮೇಲೆ ಮೂರೂ ಪಡೆಗಳ ಈ ಹೊಣೆ ಸೇನೆಯ ಪಶುವೈದ್ಯ ದಳದ ಮೇಲೆಯೇ ಬಿತ್ತು.

ಬಡ್ತಿಯ ದಾರಿಯೂ ಬದಲಾಗಿದೆ. ಇಂದು ಪದವೀಧರ ಪಶುವೈದ್ಯ ಕ್ಯಾಪ್ಟನ್ ಆಗಿಯೇ ಒಳಬರುತ್ತಾನೆ ಅಥವಾ ಬರುತ್ತಾಳೆ. ಕಾಲೇಜಿನಲ್ಲಿ ಓದಿದ ವರ್ಷಗಳನ್ನೇ ಸೇವೆಯೆಂದು ಎಣಿಸುತ್ತಾರೆ. ಲಿಖಿತ ಪರೀಕ್ಷೆಯ ಬದಲಿಗೆ ಆಯ್ಕೆ ಮಂಡಳಿ ಬಂದಿದೆ. ಪ್ರತಿ ಹುದ್ದೆಯಲ್ಲಿ ಮೇಲಧಿಕಾರಿ ಬರೆದ ಮೌಲ್ಯಮಾಪನ ವರದಿ, ಟೆಕ್ಸಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಮುಗಿಸಿದ ಸೈನಿಕ ಶಿಕ್ಷಣ, ಮಾಡಿದ ಕೆಲಸದ ಹರವು ಇವನ್ನೆಲ್ಲ ಮಂಡಳಿ ತೂಗುತ್ತದೆ. ರೋಗನಿದಾನ, ಪ್ರಯೋಗಾಲಯ ಪ್ರಾಣಿಗಳ ವೈದ್ಯಕೀಯ, ರೋಗತಡೆ ಇಂಥ ಶಾಖೆಗಳಲ್ಲಿ ತಜ್ಞರ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರಿಗೆ ವೃತ್ತಿಯಲ್ಲಿ ವಿಶೇಷ ಮನ್ನಣೆಯಿದೆ. ಮಂಡಳಿಯ ಪದ್ಧತಿ ಒಟ್ಟು ಮನುಷ್ಯನನ್ನು ನೋಡುತ್ತದೆ ಎಂಬುದು ನಿಜ. ಆದರೆ 1916ರ ನೇರ ಪ್ರಶ್ನೆ, ಅಂದರೆ ‘ನಿನಗೆ ಈಗ ಏನು ಗೊತ್ತು’ ಎಂಬುದು, ಎಲ್ಲರಿಗೂ ಒಂದೇ ಸಮನಾಗಿ ಕೇಳುವ ಪ್ರಶ್ನೆಯಾಗಿತ್ತು. ಅದರ ಜಾಗದಲ್ಲಿ ಬಂದ ವರದಿಗಳು ಬರೆಯುವವರ ಕೈಗುಣವನ್ನು ಅವಲಂಬಿಸಿವೆ. ಎರಡರಲ್ಲಿ ಹಳೆಯದೇ ಹೆಚ್ಚು ನಿಷ್ಪಕ್ಷಪಾತಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದ ಸೇನೆಗೂ ತನ್ನದೇ ರಿಮೌಂಟ್ ಮತ್ತು ವೆಟರ್ನರಿ ಕೋರ್ ಇದೆ. 1779ರ ಡಿಸೆಂಬರ್ 14ನ್ನು ಅದು ಸ್ಥಾಪನಾ ದಿನವೆಂದು ಆಚರಿಸುತ್ತದೆ. ಅದರ ಕೇಂದ್ರ ಮತ್ತು ಕಾಲೇಜು ಇರುವುದು ಮೀರತ್‌ನಲ್ಲಿ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗಳು 2016ರಲ್ಲಿ ಸೈನಿಕ ತರಬೇತಿಗೆ ಹೋದದ್ದು ಅಲ್ಲಿಗೇ. ಈ ದಳಕ್ಕೂ ಪಶುವೈದ್ಯ ಪದವೀಧರರು ಸೇರುವುದು ಕ್ಯಾಪ್ಟನ್ ದರ್ಜೆಯಲ್ಲಿ. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಕಾಲೇಜುಗಳಲ್ಲಿ ಕೊನೆಯ ವರ್ಷ ಓದುತ್ತಿರುವ ಹುಡುಗ ಹುಡುಗಿಯರು ಸರ್ಕಾರಿ ಆಸ್ಪತ್ರೆ, ಹಾಲು ಒಕ್ಕೂಟ, ಔಷಧ ಕಂಪನಿಗಳ ಅರ್ಜಿ ತುಂಬುವಾಗ ಸೇನೆಯ ಪ್ರಕಟಣೆಯನ್ನೂ ಒಮ್ಮೆ ಓದಲಿ. ಪ್ರಾಧ್ಯಾಪಕರು ಆ ಪ್ರಕಟಣೆಯನ್ನು ಕಾಲೇಜಿನ ಫಲಕದಲ್ಲಿ ಹಾಕಿಸಿ, ಅರ್ಹತೆ ಏನು, ಸಂದರ್ಶನ ಹೇಗೆ ಎಂದು ಮಕ್ಕಳಿಗೆ ತಿಳಿಸಿ ಹೇಳಲಿ.